ಎಂಟರಿಂದ ಶುರುವಾಗುವ ನಂಬರ್

ಸುನಂದಮ್ಮ ಸೆರಗಿನ ಗಂಟು ಬಿಚ್ಚಿ, ಗಂಡನ ಗಾಜು ಬಿರುಕುಬಿಟ್ಟ ಮೊಬೈಲನ್ನು ಪ್ರಮೀಳಾಳ ಕಂಪ್ಯೂಟರ್ ಪಕ್ಕ ಇಟ್ಟಳು. ಗಂಡ ಚಲುವಯ್ಯನ ತಿಥಿ ಮುಗಿಸಿ ಸೀದಾ ಸರಗೂರು ಬಸ್ಸು ಹತ್ತಿ ಬಂದಿದ್ದಳು.

“ಮೆಸೇಜ್ ಬಂದಿದ್ರೂ ಮೊಂಡು ಬಿದ್ದು ಹೊಲಕ್ಕೋದ, ಆನೆ ಕಾಲ್ಗೆ ಸಿಕ್ದ ಅಂತಾವ್ರೆ ಕಣವ್ವ ಜನ. ನಮ್ಮೆಜಮಾನ್ರು ಅಂಗಲ್ಲ. ಬಂದಿತ್ತಾ, ಇಲ್ವಾ? ಅದೊಂದು ನೋಡೇಳು.”

ಎಲ್ಲರಿಗೂ ಹೋಗಿದೆ ಎಂಬ ಉತ್ತರ ಪ್ರಮೀಳಾಳ ನಾಲಿಗೆಯ ಮೇಲೇ ಇತ್ತು. ಕಾಡಂಚಿನಲ್ಲಿ ಆನೆ ಕಂಡವರು ತಿಳಿಸಿದರೆ, ಅವಳ ಕಂಪ್ಯೂಟರ್ ಸುತ್ತಲ ಹಳ್ಳಿಗಳ ಮೊಬೈಲಿಗೆಲ್ಲ ಮೆಸೇಜ್ ಹಂಚುತ್ತಿತ್ತು. ತಾನೇ ಕಟ್ಟಿದ ಪ್ರೋಗ್ರಾಮ್, ಹೆಮ್ಮೆ ಬೇರೆ. ಆದರೂ ಆ ದಿನದ ಪಟ್ಟಿ ತೆರೆದು ನೋಡಿದಳು. ಚಲುವಯ್ಯನ ಹೆಸರಿನ ಮುಂದೆ ‘ತಪ್ಪು ನಂಬರ್, ತಡೆಹಿಡಿದಿದೆ’ ಎಂದಿತ್ತು.

ನಂಬರಿನಲ್ಲಿ ತಪ್ಪೇನೂ ಇರಲಿಲ್ಲ. ಆ ವರ್ಷ ಹೊಸದಾಗಿ ಬಂದ ಸಿಮ್ಮುಗಳು ಎಂಟರಿಂದ ಶುರುವಾಗುತ್ತಿದ್ದವು; ಚಲುವಯ್ಯನದೂ ಅಂಥದೇ. ಮೊಬೈಲ್ ಎಂದರೆ ಒಂಬತ್ತರಿಂದಲೇ ಶುರುವಾಗಬೇಕೆಂದು ಪ್ರೋಗ್ರಾಮಿನೊಳಗೆ ನಂಬರ್ ಪರೀಕ್ಷಿಸುವ ತುಂಡು ಹಟ ಹಿಡಿದು ಕೂತಿತ್ತು. ಆ ತುಂಡೊಂದು ಮಾತ್ರ ಅವಳದಲ್ಲ. ಹುಣಸೂರಿನ ಮಹೇಂದ್ರ ತನ್ನ ಊರಿನ ಇಂಥದೇ ಕೆಲಸಕ್ಕೆ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ. ಕೆಟ್ಟರೆ ಅಲ್ಲೇ ಸರಿಮಾಡಬೇಕು, ಎಲ್ಲರೂ ಅಲ್ಲಿಂದಲೇ ತೆಗೆದುಕೊಳ್ಳಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮಾತಿಗೇನು, ಆಡಿದರೆ ಆಯಿತು.

ಅವಳು ಮಹೇಂದ್ರನಿಗೆ ಫೋನ್ ಮಾಡಿ ಎಂಟರ ನಂಬರಿನ ವಿಷಯ ಎತ್ತಿದಳು.

“ಓ, ಅದಾ? ಯಾವತ್ತೋ ಸರಿ ಮಾಡ್ಬುಟ್ಟೆ ಕಣಮ್ಮಿ, ನಮ್ದ್ರಲ್ಲಿ.”

“ಎಲ್ರೂ ತಕ್ಕೊಳೋ ಜಾಗಕ್ಕೆ ಯಾಕಣ್ಣ ಹಾಕ್ಲಿಲ್ಲ?”

“ಹಾಕನ ಅಂದ್ಕಂಡೆ, ಮರ್ತೋಯ್ತು. ನಮ್ ಕಡೆ ನಡೀತಿತ್ತಲ್ಲ, ಬುಡು.”

“ಎಲ್ರ ಕಾಲ್ವೇಲಿ ನಿನ್ ಗದ್ದೆ ಮುಂದಿನ ಹೂಳು ಮಾತ್ರ ಎತ್ಕಂಡು ಕುಂತಿದ್ದೀಯಲ್ಲಣ್ಣ!”

“ನೀನೂ ಒಂದಿನ ಬಂದು ಏನು ಎತ್ತ ಅಂತ ಕೇಳ್ನಿಲ್ವಲ್ಲಮ್ಮಿ. ಯಾಕೆ, ಏನಾಯ್ತು?”

“ಸರಿ ಮಾಡಿದ್ದನ್ನ ಹೇಳಣ್ಣ ಮೊದ್ಲು,” ಎಂದಳು ಪ್ರಮೀಳಾ. ಅವನು ಹೇಳಿದ್ದು ನಿಜ. ಒಮ್ಮೆ ನಕಲು ಮಾಡಿಕೊಂಡವಳು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಎದುರಿಗೆ ಸುನಂದಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

“ಒಂದೇ ಸಾಲು, ಬರ್ಕೋ,” ಎಂದ ಮಹೇಂದ್ರ. ಅವನು ಹೇಳುತ್ತಾ ಹೋದ, ಇವಳು ಟೈಪ್ ಮಾಡಿದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದೇ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪ್ರೋಗ್ರಾಮನ್ನು ಮತ್ತೆ ಶುರುಮಾಡಿದಳು. ತಡೆಹಿಡಿದ ಹಳೆಯ ಮೆಸೇಜುಗಳು ಒಳಗೆ ಇನ್ನೂ ಕಾದಿವೆ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ನೆನಪಾಗಲಿಲ್ಲ.

ಮೇಜಿನ ಮೇಲಿನ ಮೊಬೈಲು ಗುರ್ರೆಂದಿತು. ಬಿರುಕುಬಿಟ್ಟ ಗಾಜಿನ ಹಿಂದೆ ಬೆಳಕು ಬಂತು: ‘ಆನೆ ಬಂದಿದೆ. ಯಾರೂ ಹೊಲದ ಕಡೆ ಹೋಗಬೇಡಿ.’

ಅಕ್ಷರ ಬಾರದ ಸುನಂದಮ್ಮ ಅದನ್ನು ಎತ್ತಿಕೊಂಡು ಪ್ರಮೀಳಾಳ ಕಡೆ ಚಾಚಿದಳು.

“ನಮ್ಮೆಜಮಾನ್ರಿಗೆ ಈಗ ಯಾರು ಕಳ್ಸುದ್ರವ್ವ? ಓದೇಳು.”