ತಲೆಗೊಂದು ಆಸರೆ

"ಒಂದ್ ಕಲ್ಲು ಕೊಡೋ ಖಾಲಿದ, ಅಮ್ಮೀ ಮಾರಿ ಕಿಬ್ಲಾ ಕಡಿ ನಿಲ್ಲವಲ್ದು." ಭಾತಂಬ್ರಾದ ಖಬರಸ್ತಾನದಲ್ಲಿ ತಾಯಿಯನ್ನು ಮಣ್ಣಿಗಿಳಿಸಿದ ಬದ್ರೋದ್ದೀನ, ಗುಂಡಿಯೊಳಗಿಂದ ಮಗನತ್ತ ಕೈ ಚಾಚಿದ. ಮಕ್ಕಾದ ದಿಕ್ಕಾದ ಪಡುವಣಕ್ಕೆ ತಿರುಗಿಸಿದಷ್ಟೂ ಅಜ್ಜಿಯ ತಲೆ ಹಿಂದಕ್ಕೇ ವಾಲುತ್ತಿತ್ತು.

ಖಾಲಿದನ ಕೈಯಲ್ಲಿ ಆಗಲೇ ಒಂದು ಕಲ್ಲಿತ್ತು. ತೋಡಿ ಹಾಕಿದ ಮಣ್ಣಿನಲ್ಲಿ ಸಿಕ್ಕಿದ್ದು. ಎರಡೂ ಬದಿ ಚಕ್ಕೆ ಎಬ್ಬಿಸಿ ಮೊನೆ ಮಾಡಿದ, ಲಕ್ಷಾಂತರ ವರ್ಷ ಹಳೆಯ, ಆದಿಮಾನವನ ಕೈಗೊಡಲಿ. ಔರಾದದ ಸಾಲಿಯಲ್ಲಿ ವಿಜ್ಞಾನ ಕಲಿಸುವ ಅವನು ಇಂಥದ್ದನ್ನು ಚಿತ್ರದಲ್ಲಷ್ಟೇ ತೋರಿಸಿದ್ದ. ಮೊದಲ ಮನುಷ್ಯ ಬಾಬಾ ಆದಮ್ ಭೂಮಿಗಿಳಿದು ಆರೇಳು ಸಾವಿರ ವರ್ಷವೆಂದು ಅಪ್ಪ, ಮನುಷ್ಯ ಅದಕ್ಕಿಂತ ಎಷ್ಟೋ ಹಳಬನೆಂದು ಮಗ. ಈ ಜಗಳದಲ್ಲಿ ಎಷ್ಟೋ ಈದಿನ ಬಿರಿಯಾನಿ ಆರಿಹೋಗಿತ್ತು, ಇಬ್ಬರಿಗೂ ಸಾಕುಸಾಕಾಗಿತ್ತು. "ಪುರಾವಾ ಇದ್ರ ನನ್ನ ಕೈಯಾಗ ಇಡು," ಎಂದೇ ಅಪ್ಪ ಪ್ರತಿಸಲ ಎದ್ದುಹೋಗುತ್ತಿದ್ದ.

ಈಗ ಅದೇ ಕೈ ಕಾಯುತ್ತಿತ್ತು. ಖಾಲಿದ ಕಲ್ಲನ್ನು ಅದರಲ್ಲಿಟ್ಟ.

ಬದ್ರೋದ್ದೀನ ಅದನ್ನು ತಾಯಿಯ ತಲೆಯ ಹಿಂದೆ ಒತ್ತಿ ಕೂಡಿಸಿದ. ಮಾರಿ ನಿಂತಿತು. "ಎಷ್ಟ್ ಚಂದ ಕೂತದ ನೋಡು," ಎಂದ, ದಣಿದ ದನಿಯಲ್ಲಿ. "ಯಾರೋ ಇದಕ್ಕಂತನ ಕಡದಿಟ್ಟಂಗದ."

"ಹೌದ್ರಿ ಅಬ್ಬಾ," ಎಂದ ಖಾಲಿದ. "ಯಾರೋ ಕಡದಿಟ್ಟಾರ."