ಎರಡನೇ ಸ್ಥಾನದ ಡಾಕ್ಟರ್ ಮೇಡಂ

ಉತ್ತರ ಕರ್ನಾಟಕದ ಒಂದು ತಾಲ್ಲೂಕಿನ ಇಬ್ಬರು ಸರ್ಕಾರಿ ಡಾಕ್ಟರುಗಳ ಕಥೆ ಇದು... ಸ್ವಲ್ಪ ಬಿಡುವು ಮಾಡಿಕೊಂಡು ಓದಿ.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಡಾ. ಸುವರ್ಣಾ ನೋಡಿಕೊಳ್ಳುತ್ತಿದ್ದರು. ಪಕ್ಕದ ಹೋಬಳಿಯ ಕೇಂದ್ರ ಡಾ. ಗುರುಪಾದ ಅವರದು.

ಪ್ರತಿ ತಿಂಗಳು ತಾಲ್ಲೂಕು ಆರೋಗ್ಯಾಧಿಕಾರಿಗಳ ಮೀಟಿಂಗ್. ಯಾವ ಕೇಂದ್ರದಲ್ಲಿ ಎಷ್ಟು ಹೆರಿಗೆ, ಎಷ್ಟು ಮಕ್ಕಳಿಗೆ ಲಸಿಕೆ... ಎಲ್ಲವನ್ನೂ ಸ್ಕ್ರೀನ್ ಮೇಲೆ ತೋರಿಸಿ ರ‍್ಯಾಂಕ್ ಕೊಡುತ್ತಿದ್ದರು.

ಮೊದಲ ಸ್ಥಾನ ಯಾವಾಗಲೂ ಗುರುಪಾದ. ಎರಡನೇ ಸ್ಥಾನ ಯಾವಾಗಲೂ ಸುವರ್ಣಾ.

"ಗುರುಪಾದ ಅವರನ್ನ ನೋಡಿ ಕಲೀರಿ" ಎಂದು ಸಾಹೇಬರು ಹೇಳಿದಾಗಲೆಲ್ಲ ಸುವರ್ಣಾಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗುತ್ತಿತ್ತು...

ಒಂದು ದಿನ ಇಲಾಖೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫೋಟೊ ಬಂತು. ಗುರುಪಾದ ಅವರ ಕೇಂದ್ರಕ್ಕೆ ಹೊಸ ಆಂಬುಲೆನ್ಸ್! ಎಲ್ಲರೂ ಚಪ್ಪಾಳೆಯ ಎಮೋಜಿ ಒತ್ತಿದರು. ಸುವರ್ಣಾ ಮಾತ್ರ ಆ ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿ ಫೋನ್ ಕವುಚಿ ಇಟ್ಟರು.

"ಅವರ ಕಡೆ ಹಳ್ಳಿ ಜಾಸ್ತಿ, ಅದಕ್ಕ ಗಾಡಿ ಕೊಟ್ಟಾರ. ನಿನಗ್ಯಾಕ ಸಂಕಟ?" ಎಂದರು ಗಂಡ.

"ನನಗ್ಯಾಕ ಸಂಕಟ? ಯಾರಿಗೆ ಕೊಟ್ರ ನನಗೇನು?" ಎಂದು ಎದ್ದು ಹೋದರು. ಅವತ್ತು ಊಟ ಸೇರಲಿಲ್ಲ.

ಗುರುಪಾದ ಅವರ ಮೇಲೆ ಯಾರೋ ದೂರು ಕೊಟ್ಟಿದ್ದಾರೆ ಎಂಬ ಸುದ್ದಿ ಬಂದ ದಿನ ಸುವರ್ಣಾ ಸ್ಟಾಫಿಗೆಲ್ಲ ಮಿರ್ಚಿ, ಚಹಾ ತರಿಸಿದರು. ಯಾಕೆ ಅಂತ ಹೇಳಲಿಲ್ಲ...

ಆ ತಿಂಗಳ ಕೊನೆ. ಹೆರಿಗೆಯ ಲೆಕ್ಕದಲ್ಲಿ ಇಬ್ಬರೂ ಸಮ ಸಮ. ಇನ್ನೊಂದಾದರೆ ಸುವರ್ಣಾ ಮುಂದೆ.

ಆಗ ಬಂದಳು ಕಸ್ತೂರಿ. ಚೊಚ್ಚಲ ಹೆರಿಗೆ. ನೋವು ಶುರುವಾಗಿತ್ತು.

ನರ್ಸ್ ಶಾಂತವ್ವ ಮೆಲ್ಲಗೆ ಹೇಳಿದರು: "ಮೇಡಂ, ಈಕಿಗೆ ರಕ್ತ ಭಾಳ ಕಡಿಮಿ ಐತ್ರಿ. ತಾಲ್ಲೂಕು ದವಾಖಾನಿಗೆ ಕಳಸೂಣೇನ್ರಿ?"

ಸುವರ್ಣಾಗೂ ಅದು ಗೊತ್ತಿತ್ತು. ಇಂಥವರನ್ನು ರಕ್ತದ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಆದರೆ ಕಳಿಸಿದರೆ ಹೆರಿಗೆ ಆ ಆಸ್ಪತ್ರೆಯ ಲೆಕ್ಕಕ್ಕೆ ಹೋಗುತ್ತದೆ...

"ಬ್ಯಾಡ. ಇಲ್ಲೇ ಆಗ್ತದ" ಎಂದರು.

ಆಯಿತು. ಹೆಣ್ಣು ಮಗು. ಮಗು ಅತ್ತಾಗ ಸುವರ್ಣಾ ಅವರ ಮನಸ್ಸಿಗೆ ಮೊದಲು ಬಂದದ್ದು ಸ್ಕ್ರೀನ್ ಮೇಲೆ ತಮ್ಮ ಹೆಸರು.

ಆದರೆ ಕಸ್ತೂರಿಯ ರಕ್ತಸ್ರಾವ ನಿಲ್ಲಲಿಲ್ಲ...

ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ನಿಲ್ಲಲಿಲ್ಲ. ತಮ್ಮ ಕಡೆಯ ಆಂಬುಲೆನ್ಸಿಗೆ ಫೋನ್ ಮಾಡಿದರೆ, ಅದು ಎಲ್ಲೋ ಒಂದು ಅಪಘಾತಕ್ಕೆ ಹೋಗಿತ್ತು.

"ಗುರುಪಾದ ಸರ್ ಕಡೆ ಗಾಡಿ ಐತ್ರಿ, ಮೇಡಂ" ಎಂದರು ಶಾಂತವ್ವ.

"ತಡೀರಿ... ನಮ್ಮ ಗಾಡೀನೇ ಬರ್ತದ."

ಬರಲಿಲ್ಲ. ಫೋನಿನಲ್ಲಿ ಗುರುಪಾದ ಅವರ ಹೆಸರು ತೆಗೆದರು, ಒತ್ತಲಾಗಲಿಲ್ಲ. 'ಇವನ ಮುಂದೆ ಕೈ ಚಾಚಬೇಕೇ...?'

ಕಸ್ತೂರಿಯ ಅತ್ತೆ ಬಾಗಿಲಿಗೆ ಬಂದು ನಿಂತಳು. "ಡಾಕ್ಟರ್ ಬಾಯಾರ, ನಮ್ಮ ಸೊಸಿ ಮಾತಾಡವಲ್ಲಳ್ರಿ."

ಸುವರ್ಣಾ ಫೋನ್ ಒತ್ತಿದರು.

ಗುರುಪಾದ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, "ರಕ್ತದ ಗುಂಪು ಯಾವುದ್ರಿ?" ಎಂದರು. "ಗಾಡಿ ಕಳಸ್ತೀನಿ. ನಾನೂ ಬರ್ತೀನಿ."

ಬಂದರು. ದಾರಿಯುದ್ದಕ್ಕೂ ಇಬ್ಬರೂ ಕಸ್ತೂರಿಯ ಅಕ್ಕಪಕ್ಕ ಕುಳಿತಿದ್ದರು. ಗುರುಪಾದ ಮೊದಲೇ ಫೋನ್ ಮಾಡಿದ್ದರಿಂದ ತಾಲ್ಲೂಕು ಆಸ್ಪತ್ರೆಯ ಗೇಟಿನಲ್ಲೇ ಸ್ಟ್ರೆಚರ್ ಕಾಯುತ್ತಿತ್ತು, ಒಳಗೆ ರಕ್ತ ಸಿದ್ಧವಿತ್ತು.

ಕಸ್ತೂರಿ ಬದುಕಿದಳು...

ಮುಂದಿನ ಮೀಟಿಂಗಿನಲ್ಲಿ ಸಾಹೇಬರು ಗುರುಪಾದ ಅವರನ್ನು ಹೊಗಳಿದರು. ಗುರುಪಾದ ಎದ್ದು ನಿಂತು, "ಸುವರ್ಣಾ ಮೇಡಂ ಫೋನ್ ಮಾಡಿದ್ದಕ್ಕ ಆಕಿ ಉಳಿದ್ಲು ಸರ್. ಹೊಗಳಿಕಿ ಅವರಿಗೆ ಸಲ್ಲಬೇಕು" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಸುವರ್ಣಾ ಎಷ್ಟು ವರ್ಷ ಕಾದಿದ್ದರು... ಈಗ ಅದನ್ನೇ ಕೇಳಲಾಗಲಿಲ್ಲ.

"ಸರ್, ಆಕಿನ್ನ ಮೊದಲೇ ಕಳಸಬೇಕಿತ್ತು. ನಾನು ಕಳಸಲಿಲ್ಲ. ಫೋನ್ ಮಾಡಾಕೂ ತಡ ಮಾಡಿದೆ. ಹೊಟ್ಟೆಕಿಚ್ಚಿಗೆ" ಎಂದರು.

ಸುವರ್ಣಾ ಹೊರಗೆ ಬಂದು ಗೋಡೆಗೆ ಆನಿಕೊಂಡು ಅತ್ತರು.

ಗುರುಪಾದ ಹಿಂದೆಯೇ ಬಂದರು.

"ಮೇಡಂ, ಪ್ರತಿ ತಿಂಗಳು ನಿಮ್ಮ ಲೆಕ್ಕ ನೋಡಿ ನನ್ನ ಎದಿ ಡವಡವ ಅಂತಿತ್ರಿ. ಈ ಸಲ ನೀವು ಮುಂದ ಹೋಗ್ತೀರಿ ಅಂತ ಗೊತ್ತಾಗಿತ್ತು. ಆವತ್ತು ನಿಮ್ಮ ಫೋನ್ ಬಂತಲ್ಲ... ನಿಮ್ಮ ಕಡೆ ತೊಂದರಿ ಆಗೇತಿ ಅಂದ ಕೂಡಲೇ, ಒಂದ್ ಕ್ಷಣ ನನಗ ಖುಷಿ ಆತ್ರಿ."

ಸುವರ್ಣಾ ತಲೆ ಎತ್ತಿ ನೋಡಿದರು. ಗುರುಪಾದ ಅವರ ಕಣ್ಣಲ್ಲಿ ನೀರಿತ್ತು.

"ನನ್ನ ಮ್ಯಾಲೆ ನನಗ ಅಸಹ್ಯ ಆತು. ಡ್ರೈವರ್ ಒಬ್ಬನ್ನೇ ಕಳಸಿದ್ರೂ ನಡೀತಿತ್ತು. ಮನಸ್ಸು ತಡೀಲಿಲ್ಲ, ಗಾಡಿ ಹತ್ತಿದೆ."

ಸುವರ್ಣಾಗೆ ಮೆಮೊ ಬಂತು. ತಪ್ಪೊಪ್ಪಿಕೊಂಡು ಉತ್ತರ ಕೊಟ್ಟರು. ಸಮಯಕ್ಕೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಕಳಿಸಿದ ತಾಯಂದಿರನ್ನು ಕಳಿಸಿದ ಕೇಂದ್ರದ ಲೆಕ್ಕಕ್ಕೇ ಹಿಡಿಯಬೇಕೆಂದು ಇಬ್ಬರೂ ಸೇರಿ ಕೇಳಿಕೊಂಡರು. ಸಾಹೇಬರು ಒಪ್ಪಿದರು.

ಹೊಸ ಲೆಕ್ಕದ ಮೊದಲ ತಿಂಗಳು ಮತ್ತೆ ಗುರುಪಾದ ಅವರಿಗೇ ಮೊದಲ ಸ್ಥಾನ ಬಂತು. ಸುವರ್ಣಾಗೆ ಒಳಗೆ ಚುರುಕ್ ಎಂದಿತು, ಸುಳ್ಳೇಕೆ... ಆದರೆ ರಕ್ತ ಕಡಿಮೆ ಇರುವ ಒಬ್ಬ ತಾಯಿಯನ್ನೂ ಅವರು ಮತ್ತೆ ಹಿಡಿದಿಟ್ಟುಕೊಳ್ಳಲಿಲ್ಲ.

*ಹೊಟ್ಟೆಕಿಚ್ಚು ಒಳ್ಳೆಯವರಿಗೂ ಬರುತ್ತದೆ... ಅದು ಉರಿಯುತ್ತಿರುವಾಗಲೂ ಸಹಾಯಕ್ಕೆ ಹೊರಡುವವರೇ ದೊಡ್ಡವರು.*

ಎಷ್ಟೇ ಕಷ್ಟ ಬಂದರೂ ಫೋನ್ ಮಾಡಲು ಮನಸ್ಸಾಗದ ಒಂದು ಹೆಸರು ನಿಮ್ಮ ಮೊಬೈಲಿನಲ್ಲೂ ಇದೆಯೇ...?