ಗೋಡೆಯಾಚೆಯ ಸ್ವಿಚ್

ಒದ್ದೆ ಧೂಳಿನ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ಅಪ್ಪನ ಬಲಗೈಯನ್ನು ಹುಡುಕುತ್ತದೆ.

ಗಲ್ಫಿನಲ್ಲಿದ್ದಾಗ ಮುಸಫ್ಫಾದ ಹತ್ತಿರ ಒಂದೇ ವಿಲ್ಲಾಕ್ಕೆ ನಡುವೆ ಜಿಪ್ಸಮ್ ಗೋಡೆ ಹಾಕಿ ಎರಡು ಸಂಸಾರ ಇದ್ದೆವು. ಎ.ಸಿ. ಯಂತ್ರ ನಮ್ಮ ಸೀಲಿಂಗ್‌ನೊಳಗೆ, ಅದರ ಸ್ವಿಚ್ ಗೋಡೆಯಾಚೆಯ ಲಿಲ್ಲಿ ಆಂಟಿಯ ಹಾಲ್‌ನಲ್ಲಿ. ಆ ಮಧ್ಯಾಹ್ನ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕತೊಡಗಿತು, ಮನೆಯೆಲ್ಲ ಒದ್ದೆ ಧೂಳಿನ ವಾಸನೆ. ಅಪ್ಪ ಆಂಟಿಗೆ ಹೇಳಿ ಸ್ವಿಚ್ ಆರಿಸಿ ಬಂದರು. ಏಣಿ ಹತ್ತಿ, ಯಂತ್ರದ ಫ್ಯಾನಿನ ಪಕ್ಕಕ್ಕೆ ಮೊಣಕೈವರೆಗೂ ಕೈ ತೂರಿಸಿದರು.

"ಮೆಂಟೆನೆನ್ಸ್‌ನವರು ಬರ್ಲಿ, ಇಳೀರಿ," ಎಂದರು ಅಮ್ಮ.

"ಅವರು ಬರುವಾಗ ನಾವು ಬೆಂದು ಹೋಗ್ತೇವೆ ಮಾರಾಯ್ತಿ. ಪೈಪಿನಲ್ಲಿ ಕಸ, ಅಷ್ಟೆ. ಒಂದು ಬಟ್ಟೆ ಕೊಡು."

ಬಟ್ಟೆ ತೆಗೆದುಕೊಳ್ಳಲು ಅಪ್ಪ ಕೈ ಹೊರಗೆಳೆದರು. ಆಗಲೇ ಗೋಡೆಯಾಚೆ, ಡ್ಯೂಟಿಯಿಂದ ಬಂದ ಲಿಲ್ಲಿ ಆಂಟಿಯ ಗಂಡನ ದನಿ ಕೇಳಿಸಿತು: "ಎಂಥ ಸೆಕೆ! ಸ್ವಿಚ್ ಆಫ್ ಆಗಿದೆಯಲ್ಲ, ನೀನು ನೋಡ್ಲಿಲ್ವಾ?"

"ಅಯ್ಯೋ, ಮುಟ್ಬೇಡಿ!" ಎಂದು ಆಂಟಿ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಟಕ್ಕೆಂದಿತು. ಫ್ಯಾನ್ ಅಬ್ಬರಿಸಿ, ಅದರ ಹತ್ತಿರ ತಂದಿದ್ದ ಬಟ್ಟೆಯನ್ನು ಅಪ್ಪನ ಬೆರಳಿನಿಂದ ಎಳೆದುಕೊಂಡು ಚಿಂದಿ ಮಾಡಿತು.

ಅಪ್ಪ ಇಳಿದು ಬಂದು ನಗಲು ನೋಡಿದರು. "ಖಲಾಸ್, ಮುಗೀತಲ್ಲ. ಏನೂ ಆಗ್ಲಿಲ್ಲ."

ಅಮ್ಮ ಬಿಸಿ ಅನ್ನಕ್ಕೆ ಸಾರು ಬಡಿಸಿ ಎದುರು ಕೂತರು. ಅಪ್ಪ ಅದನ್ನು ಕಲಸಿ ಉಂಡು ಮುಗಿಸುವವರೆಗೂ ಆ ಕೈಯನ್ನೇ ನೋಡುತ್ತಿದ್ದರು.